ವಿಮಾನ ಮತ್ತು ಎಂಜಿನ್‌ಗಳ ಕಡ್ಡಾಯ ತಪಾಸಣೆ, ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

2017ರಲ್ಲಿ ಉಡಾನ್ ಯೋಜನೆಯಡಿ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ವಿಮಾನ ಓಡಾಡತೊಡಗಿದ ಮೇಲೆ ಬಳ್ಳಾರಿ, ಕೊಪ್ಪಳ ಕಡೆಯ ಪ್ರಯಾಣಿಕರಿಗೆ ‘ತಾಂತ್ರಿಕ ಕಾರಣದಿಂದ ವಿಮಾನ ತಡ’ ಎಂಬ ಮಾತು ರೂಢಿಯಾಗಿದೆ. ಆ ತಾಂತ್ರಿಕ ಕಾರಣಗಳಲ್ಲಿ ಒಂದು ಬಗೆ ಮಾತ್ರ ಚೌಕಾಸಿಗೆ ಬಗ್ಗುವುದಿಲ್ಲ. ಅದು ಸರ್ಕಾರಿ ಆದೇಶದಿಂದ ಬಂದ ಕಡ್ಡಾಯ ತಪಾಸಣೆ. ಪ್ರಯಾಣಿಕರು, ವಿಮಾನ ನಿರ್ವಹಣೆ ಓದುತ್ತಿರುವ ಹುಡುಗ ಹುಡುಗಿಯರು, ಅವರ ತಂದೆ ತಾಯಂದಿರು ಇದರ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

‘ಎಡಿ’ ಅಂದರೆ ಏನು?

ಏರ್‌ವರ್ದಿನೆಸ್ ಡೈರೆಕ್ಟಿವ್. ಹ್ಯಾಂಗರಿನಲ್ಲಿ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಶೆಡ್ಡಿನಲ್ಲಿ, ಎಲ್ಲರೂ ಎಡಿ ಎಂದೇ ಕರೆಯುತ್ತಾರೆ. ಒಂದು ಮಾದರಿಯ ವಿಮಾನ, ಎಂಜಿನ್, ಪ್ರೊಪೆಲ್ಲರ್ ಅಥವಾ ಬಿಡಿಭಾಗದಲ್ಲಿ ಅಪಾಯಕಾರಿ ದೋಷ ಇದೆ, ಅದೇ ದೋಷ ಆ ಮಾದರಿಯ ಬೇರೆ ವಿಮಾನಗಳಲ್ಲೂ ಇರಬಹುದು ಎಂದು ಗೊತ್ತಾದಾಗ ವಿಮಾನಯಾನ ನಿಯಂತ್ರಕರು ಹೊರಡಿಸುವ ಆದೇಶ ಇದು. ಇಂಥ ಭಾಗವನ್ನು, ಇಂಥ ವಿಧಾನದಲ್ಲಿ, ಇಷ್ಟು ಹಾರಾಟದೊಳಗೆ ನೋಡಿ, ದೋಷ ಸಿಕ್ಕರೆ ಹೀಗೆ ಸರಿಪಡಿಸಿ ಎಂದು ಅದರಲ್ಲಿ ಬರೆದಿರುತ್ತದೆ. ಗಡುವು ಮೀರಿದರೆ ಆ ವಿಮಾನ ಕಾನೂನಿನ ಕಣ್ಣಲ್ಲಿ ಹಾರಾಟಕ್ಕೆ ಯೋಗ್ಯವಲ್ಲ. ಎಂಜಿನ್ ಗಡಿಯಾರದಂತೆ ಓಡುತ್ತಿದ್ದರೂ ಅಷ್ಟೇ.

ಅದಿರು ಲಾರಿಗೆ ಎಫ್‌ಸಿ ಮಾಡಿಸುತ್ತೇವಲ್ಲ, ಇದೂ ಹಾಗೇನಾ?

ಎಫ್‌ಸಿಗೆ ಹತ್ತಿರವಾದದ್ದು ಎಆರ್‌ಸಿ, ಅಂದರೆ ಪ್ರತಿ ವಿಮಾನಕ್ಕೂ ವರ್ಷಕ್ಕೊಮ್ಮೆ ಸಿಗುವ ಹಾರಾಟ ಯೋಗ್ಯತಾ ಪರಿಶೀಲನಾ ಪ್ರಮಾಣಪತ್ರ. ಎಡಿ ಬೇರೆ. ಒಂದು ಕಂಪನಿಯ ಲಾರಿಗಳಲ್ಲಿ ಇಂತಿಂಥ ನಂಬರಿನ ಸ್ಟೀರಿಂಗ್ ರಾಡ್ ಮುರಿಯಬಹುದು ಎಂದು ಗೊತ್ತಾದ ದಿನವೇ ಆ ನಂಬರಿನ ಲಾರಿಗಳೆಲ್ಲ, ಎಫ್‌ಸಿ ಇನ್ನೂ ಎಂಟು ತಿಂಗಳು ಬಾಕಿ ಇದ್ದರೂ, ಸಂಡೂರು ಘಟ್ಟದಲ್ಲೇ ನಿಂತು ರಾಡ್ ತೋರಿಸಬೇಕು ಎಂದರೆ ಹೇಗೋ ಹಾಗೆ. ಎ ಚೆಕ್, ಸಿ ಚೆಕ್‌ನಂಥ ನಿಯಮಿತ ನಿರ್ವಹಣೆ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಎಡಿ ಅದರ ಮೇಲೆ ಬಂದು ಕೂರುತ್ತದೆ.

ಭಾರತದ ವಿಮಾನಕ್ಕೆ ಬ್ರೆಜಿಲ್, ಕೆನಡಾದವರ ಆದೇಶ ಯಾಕೆ?

ವಿನ್ಯಾಸ ಯಾವ ದೇಶದ್ದೋ ಆ ದೇಶದ ನಿಯಂತ್ರಕರಿಗೆ ಮೊದಲ ಹೊಣೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 8ನೇ ಅನುಬಂಧ ಹಾಗೆ ಹೇಳುತ್ತದೆ. ವಿದ್ಯಾನಗರಕ್ಕೆ ಬಂದುಹೋಗಿರುವ ಎರಡು ಮಾದರಿಗಳನ್ನೇ ನೋಡಿ. ಎಟಿಆರ್ 72 ವಿಮಾನದ ಒಡಲಿಗೆ ಸಂಬಂಧಿಸಿದ ಎಡಿ ಯುರೋಪಿನ ಇಎಎಸ್‌ಎಯಿಂದ ಬರುತ್ತದೆ, ಅದರ ಪಿಡಬ್ಲ್ಯು127 ಎಂಜಿನ್‌ನದು ಟ್ರಾನ್ಸ್‌ಪೋರ್ಟ್ ಕೆನಡಾದಿಂದ. ಎಂಬ್ರೇಯರ್ 175ರ ಒಡಲು ಬ್ರೆಜಿಲ್‌ನ ಅನಾಕ್ ಸಂಸ್ಥೆಗೆ ಸೇರಿದ್ದು, ಅದರ ಸಿಎಫ್34 ಎಂಜಿನ್ ಅಮೆರಿಕದ ಎಫ್‌ಎಎಗೆ. ಹೀಗಾಗಿ ಒಂದೇ ವಿಮಾನಕ್ಕಾಗಿ ಎರಡು ಮೂರು ದೇಶಗಳ ಪ್ರಕಟಣೆಗಳನ್ನು ದಿನವೂ ನೋಡಬೇಕಾಗುತ್ತದೆ. ಈ ಕೆಲಸ ವಿಮಾನ ಸಂಸ್ಥೆಯ ‘ಕಾಮೊ’ ವಿಭಾಗದ್ದು. ಕಾಮೊ ಎಂದರೆ ವಿಮಾನದ ಹಾರಾಟ ಯೋಗ್ಯತೆಯನ್ನು ನಿರಂತರವಾಗಿ ನೋಡಿಕೊಳ್ಳುವ ಕಚೇರಿ. ಸ್ಪ್ಯಾನರ್ ಹಿಡಿಯುವವರು ಬೇರೆ, ಅವರು ಸಿಎಆರ್-145 ಮಾನ್ಯತೆ ಇರುವ ನಿರ್ವಹಣಾ ಸಂಸ್ಥೆಯವರು.

ಭಾರತದಲ್ಲಿ ಈ ಎಡಿಗಳು ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಿಯಮದ ಮೂಲಕ ಕಡ್ಡಾಯವಾಗುತ್ತವೆ. ಡಿಜಿಸಿಎ ತಾನಾಗಿಯೂ ಆದೇಶ ಕೊಡಬಹುದು, ಕೊಟ್ಟಿದೆ. 2018ರ ಮಾರ್ಚ್‌ನಲ್ಲಿ ಒಂದು ಸರಣಿಯ ಪಿಡಬ್ಲ್ಯು1100 ಎಂಜಿನ್ ಹೊತ್ತ 11 ಎ320 ನಿಯೋ ವಿಮಾನಗಳನ್ನು ನೆಲಕ್ಕಿಳಿಸಿತು. 2019ರ ನವೆಂಬರ್‌ನಲ್ಲಿ ಇಂಡಿಗೋದ 97 ವಿಮಾನಗಳಿಗೆ ಮಾರ್ಪಾಡಾದ ಎಂಜಿನ್ ಹಾಕಲು 2020ರ ಜನವರಿ 31ರ ಗಡುವು ಕೊಟ್ಟಿತು, ಗಡುವನ್ನು ಮುಂದೆ ವಿಸ್ತರಿಸಿತು.

ಕಂಪನಿಯವರ ಸರ್ವಿಸ್ ಬುಲೆಟಿನ್‌ಗೂ ಎಡಿಗೂ ಏನು ವ್ಯತ್ಯಾಸ?

ಸರ್ವಿಸ್ ಬುಲೆಟಿನ್ ತಯಾರಕರದು. ಅದರಲ್ಲಿ ಚಿತ್ರಗಳು, ಬೋಲ್ಟ್ ಬಿಗಿಯುವ ಟಾರ್ಕ್, ಬೇಕಾದ ಭಾಗಗಳ ಪಟ್ಟಿ, ಬೇಕಾಗುವ ಮಾನವ ಗಂಟೆಗಳು ಎಲ್ಲ ಇರುತ್ತವೆ. ತಯಾರಕರು ಅದನ್ನು ‘ಕಡ್ಡಾಯ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ನಿಯಂತ್ರಕರು ಎಡಿಯಲ್ಲಿ ಸೇರಿಸುವವರೆಗೆ ಅದು ಶಿಫಾರಸು. ಸಾಮಾನ್ಯವಾಗಿ ಎಡಿ ನಾಲ್ಕೈದು ಪುಟದ್ದು. ‘ಬುಲೆಟಿನ್ ಸಂಖ್ಯೆ ಇಂಥದ್ದು, ಪರಿಷ್ಕರಣೆ ಇಂಥದ್ದು, ಅದರಂತೆ ಮಾಡಿ’ ಎಂದು ಅದು ತೋರಿಸುತ್ತದೆ. ಪರಿಷ್ಕರಣೆ ಸಂಖ್ಯೆ ಇಲ್ಲಿ ಸಣ್ಣ ವಿಷಯವಲ್ಲ. ಎಡಿ ‘ಪರಿಷ್ಕರಣೆ 2’ ಎಂದಿರುವಾಗ ಮೇಜಿನ ಮೇಲಿದ್ದ ‘ಪರಿಷ್ಕರಣೆ 1’ ನೋಡಿ ಮಾಡಿದ ಕೆಲಸ ಎಡಿಯ ಲೆಕ್ಕಕ್ಕೆ ಬರುವುದಿಲ್ಲ.

ಇವೆರಡರ ನಡುವೆ ಸಲಹಾ ಪ್ರಕಟಣೆ ಎಂಬುದೊಂದಿದೆ. ಎಫ್‌ಎಎ 2018ರ ಡಿಸೆಂಬರ್‌ನಲ್ಲಿ ಬೋಯಿಂಗ್ ವಿಮಾನಗಳ ಇಂಧನ ಸ್ವಿಚ್‌ನ ಲಾಕ್ ಕಳಚಿಕೊಂಡಿರಬಹುದು, ನೋಡಿಕೊಳ್ಳಿ ಎಂದು ಸಲಹೆ ಹೊರಡಿಸಿತ್ತು, ಎಡಿ ಹೊರಡಿಸಲಿಲ್ಲ. 2025ರ ಜೂನ್ 12ರ ಅಹಮದಾಬಾದ್ ದುರಂತದ ಪ್ರಾಥಮಿಕ ವರದಿಯಲ್ಲಿ, ಅದು ಬರೀ ಸಲಹೆಯಾಗಿದ್ದರಿಂದ ಏರ್ ಇಂಡಿಯಾ ಆ ತಪಾಸಣೆ ಮಾಡಿರಲಿಲ್ಲ ಎಂದು ದಾಖಲಾಗಿದೆ. ಆ ಸ್ವಿಚ್ ಲಾಕೇ ಅಪಘಾತಕ್ಕೆ ಕಾರಣ ಎಂದು ಆ ವರದಿ ಹೇಳಿಲ್ಲ, ಇದನ್ನು ಒತ್ತಿ ಹೇಳುತ್ತೇವೆ. ಆದರೆ ವರದಿ ಬಂದ ಎರಡೇ ದಿನಕ್ಕೆ ಡಿಜಿಸಿಎ ಅದೇ ತಪಾಸಣೆಯನ್ನು ಜುಲೈ 21ರೊಳಗೆ ಮುಗಿಸುವಂತೆ ಭಾರತದ ಸಂಸ್ಥೆಗಳಿಗೆ ಆದೇಶಿಸಿತು. ಕೈಗೆ ಸಿಗುವ, ಕೆಲವೇ ನಿಮಿಷ ಹಿಡಿಯುವ ತಪಾಸಣೆಯನ್ನು ಸಲಹೆ ಎಂಬ ಕಾರಣಕ್ಕೆ ಬಿಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಗಡುವನ್ನು ಹೇಗೆ ಎಣಿಸುತ್ತಾರೆ?

ಮೂರು ಅಳತೆ ಇವೆ: ಹಾರಾಟದ ಗಂಟೆ, ಸೈಕಲ್, ಕ್ಯಾಲೆಂಡರ್ ದಿನ. ಒಂದು ಟೇಕಾಫ್, ಒಂದು ಲ್ಯಾಂಡಿಂಗ್ ಸೇರಿ ಒಂದು ಸೈಕಲ್. ಸವೆಯುವ ಭಾಗಕ್ಕೆ ಗಂಟೆ ಮುಖ್ಯ. ಒಡಲಿನ ಚರ್ಮಕ್ಕೂ (ಹೊರತಗಡು) ಎಂಜಿನ್ ಡಿಸ್ಕಿಗೂ (ಬ್ಲೇಡುಗಳನ್ನು ಹಿಡಿದು ತಿರುಗುವ ಚಕ್ರ) ಸೈಕಲ್ ಮುಖ್ಯ, ಏಕೆಂದರೆ ಪ್ರತಿ ಹಾರಾಟದಲ್ಲೂ ಕ್ಯಾಬಿನ್ ಒಮ್ಮೆ ಗಾಳಿ ತುಂಬಿ ಉಬ್ಬಿ ಇಳಿಯುತ್ತದೆ, ಡಿಸ್ಕ್ ಒಮ್ಮೆ ಪೂರ್ತಿ ವೇಗಕ್ಕೆ ಹೋಗಿ ತಣಿಯುತ್ತದೆ. ತುಕ್ಕಿಗೆ ಕ್ಯಾಲೆಂಡರ್ ಮುಖ್ಯ, ನಿಂತ ವಿಮಾನಕ್ಕೂ ತುಕ್ಕು ಹಿಡಿಯುತ್ತದೆ.

ಬೆಂಗಳೂರು, ವಿದ್ಯಾನಗರ, ಹೈದರಾಬಾದ್ ನಡುವೆ ಓಡಾಡುವ ವಿಮಾನಕ್ಕೆ ಒಂದು ಗಂಟೆಗೆ ಹೆಚ್ಚುಕಡಿಮೆ ಒಂದು ಸೈಕಲ್ ಬೀಳುತ್ತದೆ. ಅಮೆರಿಕಕ್ಕೆ ಹೋಗುವ ದೊಡ್ಡ ವಿಮಾನಕ್ಕೆ ಹದಿನೈದು ಗಂಟೆಗೂ ಒಂದೇ. ಆದ್ದರಿಂದ ಚಿಕ್ಕ ದಾರಿಯ ವಿಮಾನದ ಒಡಲು ಗಂಟೆಯ ಲೆಕ್ಕದಲ್ಲಿ ಬೇಗ ‘ಮುಪ್ಪಾಗುತ್ತದೆ’.

ಲೆಕ್ಕ ಹಾಕಿ ತೋರಿಸುತ್ತೇವೆ. ಎಡಿಯಲ್ಲಿ ‘ಜಾರಿಯಾದ ದಿನದಿಂದ 600 ಸೈಕಲ್ ಅಥವಾ 4 ತಿಂಗಳು, ಯಾವುದು ಮೊದಲೋ ಅದು’ ಎಂದಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ 8 ಸಲ ಹಾರುವ ವಿಮಾನಕ್ಕೆ 600 ಸೈಕಲ್ 75 ದಿನದಲ್ಲಿ ಮುಗಿಯುತ್ತದೆ, ಅಲ್ಲಿ ಸೈಕಲ್ಲೇ ಗಡುವು. ದಿನಕ್ಕೆ 4 ಸಲ ಹಾರಿದರೆ 150 ದಿನ ಬೇಕು, ಅಷ್ಟರೊಳಗೆ 4 ತಿಂಗಳು ತುಂಬಿರುತ್ತದೆ, ಕ್ಯಾಲೆಂಡರ್ ಗೆಲ್ಲುತ್ತದೆ. ಹೊಸಬರು ಎಡವುವುದು ಇನ್ನೊಂದು ಕಡೆ: ಎಡಿ ಹೊರಬಿದ್ದ ದಿನ ಬೇರೆ, ಜಾರಿಯಾಗುವ ದಿನ ಬೇರೆ. ಎಣಿಕೆ ಶುರುವಾಗುವುದು ಜಾರಿಯ ದಿನದಿಂದ. ಕೆಲವು ಎಡಿಗಳಲ್ಲಿ ಮಾತ್ರ ಆ ಭಾಗ ಹೊಸದಾಗಿ ಕೂತ ದಿನದಿಂದ.

ತುರ್ತು ಎಡಿ ಅಂದರೆ? ಒಂದೇ ರಾತ್ರಿಗೆ ಸಾವಿರಾರು ವಿಮಾನ ನಿಲ್ಲುವುದು ಹೇಗೆ?

ಸಾಮಾನ್ಯ ಎಡಿಗೆ ಮೊದಲು ಕರಡು ಪ್ರಕಟಿಸಿ ಅಭಿಪ್ರಾಯ ಕೇಳುತ್ತಾರೆ. ಅಪಾಯ ಅಷ್ಟು ದಿನ ಕಾಯುವಂಥದ್ದಲ್ಲ ಎನಿಸಿದರೆ ನೇರ ತುರ್ತು ಎಡಿ. ಇಎಎಸ್‌ಎ ಸಂಖ್ಯೆಯ ಕೊನೆಯಲ್ಲಿ ‘ಇ’ ಇದ್ದರೆ ಅದು ತುರ್ತಿನದು.

2025ರ ಅಕ್ಟೋಬರ್ 30ರಂದು ಅಮೆರಿಕದ ಜೆಟ್‌ಬ್ಲೂ ಸಂಸ್ಥೆಯ ಎ320 ಹಾರುತ್ತಿದ್ದಾಗ ಪೈಲಟ್ ಏನೂ ಮಾಡದೆಯೇ ಮೂಗು ಕೆಳಗೆ ಹಾಕಿತು, ಪ್ರಯಾಣಿಕರು ಗಾಯಗೊಂಡರು. ರೆಕ್ಕೆ, ಬಾಲದ ಫಲಕಗಳನ್ನು ನಿಯಂತ್ರಿಸುವ ಎಲಾಕ್ ಕಂಪ್ಯೂಟರಿನ ಹೊಸ ಸಾಫ್ಟ್‌ವೇರ್‌ನಲ್ಲಿ ತೀವ್ರ ಸೌರ ವಿಕಿರಣದಿಂದ ದತ್ತಾಂಶ ಕೆಡಬಹುದು ಎಂದು ಏರ್‌ಬಸ್ ಗುರುತಿಸಿತು. ನವೆಂಬರ್ 28ರಂದು ಇಎಎಸ್‌ಎ ತುರ್ತು ಎಡಿ ಹೊರಡಿಸಿತು. ಜಗತ್ತಿನಾದ್ಯಂತ ಸುಮಾರು 6,000 ವಿಮಾನಗಳು ಅದರ ವ್ಯಾಪ್ತಿಗೆ ಬಂದವು, ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು. ಹೆಚ್ಚಿನವಕ್ಕೆ ಹಳೆಯ ಸಾಫ್ಟ್‌ವೇರನ್ನು ಮತ್ತೆ ತುಂಬಿದರೆ ಸಾಕಿತ್ತು, ಒಂದು ವಿಮಾನಕ್ಕೆ ಎರಡು ಮೂರು ಗಂಟೆಯ ಕೆಲಸ. ಹಳೆಯ ವಿಮಾನಗಳಲ್ಲಿ ಕಂಪ್ಯೂಟರನ್ನೇ ಬದಲಿಸಬೇಕಾಯಿತು. ಆ ವಾರಾಂತ್ಯ ಬೆಂಗಳೂರು, ಹೈದರಾಬಾದಿನಲ್ಲಿ ಮುಂದಿನ ವಿಮಾನ ಹಿಡಿಯಬೇಕಿದ್ದ ನಮ್ಮ ಕಡೆಯವರಿಗೂ ಅದರ ಬಿಸಿ ತಟ್ಟಿದ್ದು ಹೀಗೆ.

ಬಿರುಕು ಕಣ್ಣಿಗೆ ಕಾಣುವುದಿಲ್ಲ ಅನ್ನುತ್ತಾರೆ. ಮತ್ತೆ ಹುಡುಕುವುದು ಹೇಗೆ?

ಎಡಿಯಲ್ಲಿ ವಿಧಾನದ ಹೆಸರು ಬರೆದಿರುತ್ತದೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ‘ವಿವರವಾದ ದೃಶ್ಯ ತಪಾಸಣೆ’ ಎಂದರೆ ಒಳ್ಳೆಯ ದೀಪ, ಕನ್ನಡಿ, ಭೂತಗನ್ನಡಿ ಹಿಡಿದು, ಮೇಲ್ಮೈ ತೊಳೆದು, ಹತ್ತಿರದಿಂದ ನೋಡುವುದು. ನಡೆದಾಡುತ್ತ ಟಾರ್ಚ್ ಬಿಡುವುದಲ್ಲ.

ಮೇಲ್ಮೈ ಬಿರುಕಿಗೆ ಡೈ ಪೆನೆಟ್ರಂಟ್ ಬಳಸುತ್ತಾರೆ. ಮೊದಲು ಗ್ರೀಸ್, ಬಣ್ಣ ಪೂರ್ತಿ ತೆಗೆದು ಒಣಗಿಸಬೇಕು. ಪೆನೆಟ್ರಂಟ್ ಹಚ್ಚಿ ಕನಿಷ್ಠ 10 ನಿಮಿಷ ಬಿಡಬೇಕು, ಅದು ಬಿರುಕಿನೊಳಗೆ ಇಳಿಯುತ್ತದೆ. ಮೇಲಿನದ್ದನ್ನು ಒರೆಸುವಾಗ ದ್ರಾವಕವನ್ನು ಬಟ್ಟೆಗೆ ಹಾಕಿ ಒರೆಸಬೇಕು. ನೇರ ಲೋಹದ ಮೇಲೆ ಸುರಿದರೆ ಬಿರುಕಿನೊಳಗಿನದೂ ತೊಳೆದುಹೋಗುತ್ತದೆ, ಆಗ ಬಿರುಕಿದ್ದರೂ ಇಲ್ಲವೆಂದೇ ಕಾಣುತ್ತದೆ. ನಂತರ ಬಿರುಕಿನೊಳಗಿನ ಪೆನೆಟ್ರಂಟನ್ನು ಮೇಲೆಳೆದು ತೋರಿಸುವ ಡೆವಲಪರ್ ಸಿಂಪಡಿಸಿ ಇನ್ನೊಂದು 10 ನಿಮಿಷ ಕಾಯಬೇಕು. ಹೊಳೆಯುವ ಬಗೆಯ ಪೆನೆಟ್ರಂಟ್ ಆದರೆ ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದು ನೋಡಬೇಕು. ಆ ದೀಪದ ತೀವ್ರತೆ ಚದರ ಸೆಂ.ಮೀ.ಗೆ 1,000 ಮೈಕ್ರೊವಾಟ್‌ಗಿಂತ ಕಡಿಮೆ ಇರಬಾರದು, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದು ನಿಮಿಷವಾದರೂ ಕೊಡಬೇಕು. ಬೇಗ ಮುಗಿಸಬೇಕೆಂಬ ಒತ್ತಡವಿದ್ದಾಗ ಮೊದಲು ಕತ್ತರಿ ಬೀಳುವುದು ಈ ಕಾಯುವ ನಿಮಿಷಗಳಿಗೇ.

ರಿವೆಟ್ ತೂತಿನ ಸುತ್ತ ಅಲ್ಯೂಮಿನಿಯಂ ಚರ್ಮದ ಬಿರುಕಿಗೆ ಎಡ್ಡಿ ಕರೆಂಟ್, ಅಂದರೆ ಲೋಹದಲ್ಲಿ ವಿದ್ಯುತ್ ಸುಳಿ ಹುಟ್ಟಿಸಿ ಬಿರುಕು ಹುಡುಕುವ ವಿಧಾನ. ಪ್ರೋಬನ್ನು ಮೊದಲು ಅದೇ ಲೋಹದ, ಅಳತೆ ಗೊತ್ತಿರುವ ಸಣ್ಣ ಗೀರು ಕೊರೆದ ತುಂಡಿನ ಮೇಲೆ ಇಟ್ಟು ಉಪಕರಣ ಹೊಂದಿಸುತ್ತಾರೆ. ಹೆಚ್ಚು ಆವರ್ತನ ಮೇಲ್ಮೈಯನ್ನು ನಿಖರವಾಗಿ ತೋರಿಸುತ್ತದೆ, ಆದರೆ ಆಳಕ್ಕೆ ಹೋಗುವುದಿಲ್ಲ. ಎರಡನೆಯ ಪದರದ ಬಿರುಕಿಗೆ ಕಡಿಮೆ ಆವರ್ತನ ಬೇಕು. ಬಣ್ಣ ಒಂದೆಡೆ ದಪ್ಪ ಒಂದೆಡೆ ತೆಳುವಾಗಿದ್ದರೆ, ಪ್ರೋಬ್ ಓರೆಯಾದರೆ, ತೂತಿನ ಅಂಚಿಗೆ ತೀರ ಹತ್ತಿರ ಹೋದರೆ ತಪ್ಪು ಸಂಕೇತ ಬರುತ್ತದೆ. ಒಳಗಿನ ದೋಷಕ್ಕೆ ಅಲ್ಟ್ರಾಸೌಂಡ್, ಉಕ್ಕಿನ ಭಾಗಗಳಿಗೆ ಅಯಸ್ಕಾಂತೀಯ ಪುಡಿ, ಎಂಜಿನ್ ಒಳಭಾಗಕ್ಕೆ ಬೋರೋಸ್ಕೋಪ್ (ಸಣ್ಣ ತೂತಿನಿಂದ ಒಳಗೆ ತೂರಿಸಿ ನೋಡುವ ಉಪಕರಣ). ಈ ಪರೀಕ್ಷೆ ಮಾಡುವವರಿಗೆ ಪ್ರತ್ಯೇಕ ಅರ್ಹತೆಯ ಹಂತಗಳಿವೆ, ಕಣ್ಣಿನ ಪರೀಕ್ಷೆಯೂ ಸೇರಿ.

ನಮ್ಮ ಬಿಸಿಲು, ಕೆಂಪು ಧೂಳು ಇದಕ್ಕೆಲ್ಲ ಅಡ್ಡಿಯೇ?

ಹೌದು, ಎರಡು ಬಗೆಯಲ್ಲಿ. ಸಾಮಾನ್ಯ ಪೆನೆಟ್ರಂಟ್ ಪರೀಕ್ಷೆಗೆ ಲೋಹದ ಉಷ್ಣಾಂಶ 4ರಿಂದ 52 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ತೆರೆದ ಏಪ್ರನ್‌ನಲ್ಲಿ (ವಿಮಾನ ನಿಲ್ಲುವ ಅಂಗಳ) ಮಧ್ಯಾಹ್ನ ನಿಂತ ವಿಮಾನದ ಲೋಹ ಆ ಮಿತಿಯನ್ನು ಮೀರಬಲ್ಲದು. ಪೆನೆಟ್ರಂಟ್ ಒಣಗಿ ಅಂಟಿಕೊಂಡು ಫಲಿತಾಂಶ ಕೆಡುತ್ತದೆ. ಬೆಳಗಿನ ಜಾವ ಅಥವಾ ರಾತ್ರಿ ಮಾಡುವುದು, ಮೇಲ್ಮೈ ಥರ್ಮಾಮೀಟರ್ ಇಟ್ಟು ಓದಿ ಬರೆದಿಡುವುದು ಸರಿಯಾದ ದಾರಿ.

ಇನ್ನು ಧೂಳು. ಅದಿರು, ಸಿಮೆಂಟ್, ಸ್ಪಾಂಜ್ ಐರನ್ ಕಾರ್ಖಾನೆಗಳಿರುವ ಸೀಮೆಯಲ್ಲಿ ಗಾಳಿಯ ಗರಸು ಎಂಜಿನ್ ಕಂಪ್ರೆಸರ್ ಬ್ಲೇಡುಗಳ ಮುಂದಂಚನ್ನು ಸವೆಸುತ್ತದೆ, ಮೇಲ್ಮೈಗೆ ಅಂಟಿ ದಕ್ಷತೆ ಇಳಿಸುತ್ತದೆ. ದಕ್ಷತೆ ಇಳಿದರೆ ಅದೇ ಶಕ್ತಿಗೆ ಹೆಚ್ಚು ಇಂಧನ ಉರಿಯಬೇಕು, ಟರ್ಬೈನ್ ಉಷ್ಣಾಂಶ ಏರುತ್ತದೆ. ಬಿಸಿಲಿನ ದಿನ ಆ ಉಷ್ಣಾಂಶಕ್ಕೂ ಮೀರಬಾರದ ಮಿತಿಯ ಕೆಂಪು ಗೆರೆಗೂ ನಡುವಿನ ಅಂತರ ಮೊದಲೇ ಕಡಿಮೆ. ಇದಕ್ಕೆ ಮದ್ದು ಕಂಪ್ರೆಸರ್ ವಾಶ್, ಎಂಜಿನನ್ನು ಸ್ಟಾರ್ಟರಿನಿಂದ ತಿರುಗಿಸುತ್ತ ಶುದ್ಧ ನೀರು ಚಿಮುಕಿಸಿ ತೊಳೆಯುವುದು. ವಾಶ್‌ಗೆ ಎಡಿ ಬೇಕಿಲ್ಲ, ಆದರೆ ವಾಶ್ ತಪ್ಪಿಸಿದ ಎಂಜಿನ್ ಬೋರೋಸ್ಕೋಪ್ ಎಡಿಯಲ್ಲಿ ಬೇಗ ಫೇಲಾಗುತ್ತದೆ.

ಎಂಜಿನ್ ಎಡಿಗಳ ಬಗ್ಗೆ ಇಷ್ಟು ಬಿಗಿ ಏಕೆ?

ತಿರುಗುವ ಡಿಸ್ಕ್ ಒಡೆದರೆ ಅದರ ಚೂರುಗಳನ್ನು ಎಂಜಿನ್ ಕವಚ ತಡೆಯಲಾರದು. ಬ್ಲೇಡ್ ಮುರಿದರೆ ತಡೆಯಬೇಕು, ಹಾಗೆಯೇ ವಿನ್ಯಾಸ ಮಾಡಿರುತ್ತಾರೆ. ಆದರೂ 2018ರ ಏಪ್ರಿಲ್ 17ರಂದು ಸೌತ್‌ವೆಸ್ಟ್ ಸಂಸ್ಥೆಯ 1380ನೇ ಹಾರಾಟದಲ್ಲಿ ಸಿಎಫ್‌ಎಂ56 ಎಂಜಿನ್‌ನ ಒಂದು ಫ್ಯಾನ್ ಬ್ಲೇಡ್ ಬುಡದಲ್ಲಿ ಮುರಿದು, ಹೊರಕವಚದ ಚೂರು ಕಿಟಕಿ ಒಡೆದು ಒಬ್ಬ ಪ್ರಯಾಣಿಕರು ಸತ್ತರು. ಬಿರುಕು ಇದ್ದದ್ದು ಬ್ಲೇಡ್ ಡಿಸ್ಕಿನೊಳಗೆ ಕೂರುವ ಬುಡದಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ. ಮೂರೇ ದಿನಕ್ಕೆ ತುರ್ತು ಎಡಿ ಬಂತು: 30,000 ಸೈಕಲ್ ದಾಟಿದ ಎಂಜಿನ್‌ಗಳ ಫ್ಯಾನ್ ಬ್ಲೇಡುಗಳಿಗೆ 20 ದಿನದೊಳಗೆ ಅಲ್ಟ್ರಾಸೌಂಡ್. ಮುಂದಿನ ಎಡಿಗಳು ಆ ಮಿತಿಯನ್ನು ಇನ್ನೂ ಕೆಳಗಿಳಿಸಿ, ತಪಾಸಣೆಯನ್ನು ಮರುಕಳಿಸುವಂತೆ ಮಾಡಿದವು.

ಡಿಸ್ಕಿನ ಕಥೆ ಇನ್ನೂ ದೊಡ್ಡದು. ಪಿಡಬ್ಲ್ಯು1100 ಎಂಜಿನ್‌ನ ಟರ್ಬೈನ್ ಡಿಸ್ಕುಗಳಿಗೆ ಬಳಸಿದ ಲೋಹದ ಪುಡಿಯಲ್ಲಿ ಕಲ್ಮಶ ಸೇರಿತ್ತು ಎಂದು 2023ರ ಜುಲೈನಲ್ಲಿ ತಯಾರಕರು ಪ್ರಕಟಿಸಿದರು. ಡಿಸ್ಕನ್ನು ಅಲ್ಟ್ರಾಸೌಂಡ್ ಮಾಡಬೇಕೆಂದರೆ ಎಂಜಿನ್ ಇಳಿಸಿ, ಕಾರ್ಯಾಗಾರಕ್ಕೆ ಕಳಿಸಿ, ಪೂರ್ತಿ ಬಿಚ್ಚಬೇಕು. ಜಗತ್ತಿನಲ್ಲಿ ಅಷ್ಟು ಕಾರ್ಯಾಗಾರಗಳೂ ಇಲ್ಲ, ಬದಲಿ ಎಂಜಿನ್‌ಗಳೂ ಇಲ್ಲ. ಭಾರತದಲ್ಲೂ ಹತ್ತಾರು ಎ320 ನಿಯೋಗಳು ತಿಂಗಳುಗಟ್ಟಲೆ ನಿಂತವು.

ಬಿರುಕು ಸಿಕ್ಕಿತು. ಮುಂದೆ?

ಕೈ ಹಚ್ಚುವ ಮೊದಲು ಅಳತೆ. ಉದ್ದ, ದಿಕ್ಕು, ಹತ್ತಿರದ ಫ್ರೇಮ್ ಮತ್ತು ಸ್ಟ್ರಿಂಗರ್ (ಒಡಲಿನ ಅಡ್ಡ ಮತ್ತು ಉದ್ದದ ಪಟ್ಟಿಗಳು) ಸಂಖ್ಯೆ, ಫೋಟೊ. ಬಿರುಕಿನ ತುದಿಗೆ ತೂತು ಕೊರೆದು ನಿಲ್ಲಿಸುವ ಹಳೆಯ ಉಪಾಯವನ್ನು ರಿಪೇರಿ ಕೈಪಿಡಿ ಒಪ್ಪಿದ ಕಡೆ ಬಿಟ್ಟು ಬೇರೆಲ್ಲೂ ಮಾಡಬಾರದು. ಹಾನಿ ಕೈಪಿಡಿಯ ಮಿತಿಯೊಳಗಿದ್ದರೆ ಅದರಂತೆ ರಿಪೇರಿ. ಮಿತಿ ಮೀರಿದರೆ ವಿವರಗಳನ್ನು ತಯಾರಕರಿಗೆ ಕಳಿಸಿ, ಅನುಮೋದಿತ ರಿಪೇರಿ ನಕ್ಷೆ ಬರುವವರೆಗೆ ವಿಮಾನ ನಿಲ್ಲಬೇಕು. ಎಡಿ ಹೇಳಿದ್ದಕ್ಕಿಂತ ಬೇರೆ ವಿಧಾನ ಬೇಕೆಂದರೆ ‘ಎಎಂಒಸಿ’ ಎಂಬ ಪರ್ಯಾಯ ಅನುಮೋದನೆಯನ್ನು ನಿಯಂತ್ರಕರಿಂದ ಮೊದಲೇ ಪಡೆಯಬೇಕು.

ಸಾಮಾನ್ಯ ಚರ್ಮದ ರಿಪೇರಿಯಲ್ಲಿ ಹಾನಿಯಾದ ತುಂಡನ್ನು ದುಂಡು ಮೂಲೆಗಳೊಂದಿಗೆ ಕತ್ತರಿಸಿ ತೆಗೆದು ಮೇಲೆ ಡಬ್ಲರ್ ತಗಡು ಕೂರಿಸುತ್ತಾರೆ. ತೂತಿನ ಮಧ್ಯದಿಂದ ತಗಡಿನ ಅಂಚಿಗೆ ಕನಿಷ್ಠ ರಿವೆಟ್ ವ್ಯಾಸದ ಎರಡರಷ್ಟು ಅಂತರ ಬೇಕು. ಹೊಡೆದ ಮೇಲೆ ರಿವೆಟ್ಟಿನ ಚಪ್ಪಟೆ ತಲೆ ವ್ಯಾಸದ ಒಂದೂವರೆಯಷ್ಟು ಅಗಲ, ಅರ್ಧದಷ್ಟು ಎತ್ತರ ಬರಬೇಕು. ಮುಂಚೆ ತೂತುಗಳ ಅಂಚಿನಲ್ಲಿ ಎದ್ದ ಲೋಹದ ಮುಳ್ಳು ಕೆರೆದು, ಬರಿ ಲೋಹಕ್ಕೆ ರಾಸಾಯನಿಕ ಲೇಪ, ಪ್ರೈಮರ್, ಪದರಗಳ ನಡುವೆ ಸೀಲೆಂಟ್. ಇವುಗಳಲ್ಲಿ ಒಂದನ್ನು ಬಿಟ್ಟರೂ ಆವತ್ತು ಏನೂ ಆಗುವುದಿಲ್ಲ, ವಿಮಾನ ಚೆನ್ನಾಗೇ ಹಾರುತ್ತದೆ. ಭಯ ಇರುವುದೂ ಅಲ್ಲೇ. ಚೈನಾ ಏರ್‌ಲೈನ್ಸ್‌ನ ಒಂದು 747 ವಿಮಾನದ ಬಾಲ 1980ರಲ್ಲಿ ರನ್‌ವೇಗೆ ತಾಗಿತ್ತು. ಗೀರು ಬಿದ್ದ ಚರ್ಮವನ್ನು ಸರಿಯಾಗಿ ತೆಗೆಯದೆ ಮೇಲೆ ಡಬ್ಲರ್ ಹೊಡೆದರು. ತಗಡಿನ ಕೆಳಗೆ ಯಾರಿಗೂ ಕಾಣದಂತೆ ಬಿರುಕು ಬೆಳೆಯಿತು. 22 ವರ್ಷದ ನಂತರ, 2002ರ ಮೇ 25ರಂದು ವಿಮಾನ ಆಕಾಶದಲ್ಲೇ ಒಡೆದು 225 ಜನ ಸತ್ತರು. ಜಪಾನ್ ಏರ್‌ಲೈನ್ಸ್ 123ರಲ್ಲಿ ಹಿಂಬದಿಯ ಒತ್ತಡ ಗೋಡೆಯ ರಿಪೇರಿಯಲ್ಲಿ ಎರಡು ಸಾಲು ರಿವೆಟ್ ಹೊರಬೇಕಿದ್ದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ರಿಪೇರಿ 1978ರದು, ಅಪಘಾತ 1985ರ ಆಗಸ್ಟ್ 12, ಸತ್ತವರು 520. ಆದ್ದರಿಂದಲೇ ಈಗ ಒಂದೊಂದು ದೊಡ್ಡ ರಿಪೇರಿಗೂ ಅದರದೇ ತಪಾಸಣೆ ವೇಳಾಪಟ್ಟಿ ಇರುತ್ತದೆ.

ಎಡಿ ಪಾಲನೆಯಲ್ಲಿ ಹೆಚ್ಚಾಗಿ ಎಲ್ಲಿ ತಪ್ಪುತ್ತದೆ?

ಸ್ಪ್ಯಾನರಿನಲ್ಲಿ ಕಡಿಮೆ, ಕಾಗದದಲ್ಲಿ ಹೆಚ್ಚು. ಎಡಿ ಇಂಧನ ಪಂಪಿನ ಒಂದು ಪಾರ್ಟ್ ನಂಬರಿಗೆ ಬಂದಿದೆ, ಕಚೇರಿಯಲ್ಲಿ ವಿಮಾನದ ಕ್ರಮಸಂಖ್ಯೆ ನೋಡಿ ‘ಅನ್ವಯಿಸುವುದಿಲ್ಲ’ ಎಂದು ಬರೆದರು. ಆದರೆ ಕಳೆದ ವರ್ಷ ಪಂಪ್ ಬದಲಾಗಿತ್ತು, ಈಗ ಕೂತಿರುವುದು ಅದೇ ದೋಷದ ನಂಬರು. ಬಿಡಿಭಾಗಗಳು ವಿಮಾನದಿಂದ ವಿಮಾನಕ್ಕೆ ಓಡಾಡುತ್ತವೆ, ಆದ್ದರಿಂದ ಲೋಹದ ಮೇಲಿನ ನಾಮಫಲಕವನ್ನೇ ಓದಬೇಕು. ಕಂಪ್ಯೂಟರಿನ ಪಟ್ಟಿಯನ್ನು ನಂಬಿ ಕೂರಬಾರದು.

ಎಡಿ ಪಾಲಿಸಿ ಹೊಸ ಭಾಗ ಹಾಕಿದ ಮೇಲೆ, ಎರಡು ವರ್ಷ ಬಿಟ್ಟು ಸ್ಟೋರಿನಲ್ಲಿ ಉಳಿದ ಹಳೆಯ ಭಾಗವನ್ನು ಯಾರೋ ಮತ್ತೆ ಕೂರಿಸುವುದು ಇನ್ನೊಂದು. ಇದನ್ನು ತಡೆಯಲು ಎಡಿಯ ಕೊನೆಯಲ್ಲಿ ‘ಈ ಭಾಗವನ್ನು ಇನ್ನು ಮುಂದೆ ಅಳವಡಿಸಬಾರದು’ ಎಂಬ ಸಾಲು ಇರುತ್ತದೆ. ಸ್ಟೋರಿನವರಿಗೂ ಆ ಸಾಲು ತಲುಪಬೇಕು. ಮರುಕಳಿಸುವ ತಪಾಸಣೆಯನ್ನು ಒಮ್ಮೆ ಮಾಡಿ ‘ಮುಗಿದಿದೆ’ ಎಂದು ಮುಚ್ಚುವುದೂ ಉಂಟು. ತಪಾಸಣೆ ನಿಲ್ಲಬೇಕಾದರೆ ಎಡಿಯೇ ಹೇಳಿದ ಅಂತಿಮ ಮಾರ್ಪಾಡು ಆಗಿರಬೇಕು. ಶಿಫ್ಟ್ ಬದಲಾವಣೆಯ ಹೊತ್ತಿನಲ್ಲಿ ಹನ್ನೆರಡು ಬೋಲ್ಟಿನಲ್ಲಿ ಒಂಬತ್ತು ಬಿಗಿದು ಬಾಯಿಮಾತಿನಲ್ಲಿ ಹೇಳಿ ಹೋಗುವುದು, ಮಾಪನಾಂಕ ಅವಧಿ ಮುಗಿದ ಟಾರ್ಕ್ ರೆಂಚ್ ಬಳಸುವುದು, ಸುಳ್ಳು ಪ್ರಮಾಣಪತ್ರದ ಬಿಡಿಭಾಗ ಬರುವುದು, ಇವೂ ಇವೆ. 2023ರಲ್ಲಿ ಸಿಎಫ್‌ಎಂ56 ಎಂಜಿನ್‌ಗಳಿಗೆ ನಕಲಿ ದಾಖಲೆಯ ಭಾಗಗಳು ಮಾರಾಟವಾದದ್ದು ಪತ್ತೆಯಾಗಿ ಹಲವು ದೇಶಗಳ ಸಂಸ್ಥೆಗಳು ಎಂಜಿನ್ ಇಳಿಸಿ ನೋಡಬೇಕಾಯಿತು.

ಸರಿಯಾದ ದಾಖಲೆಯಲ್ಲಿ ಎಡಿ ಸಂಖ್ಯೆ ಮತ್ತು ಪರಿಷ್ಕರಣೆ, ಯಾವ ವಿಧಾನದಿಂದ ಪಾಲಿಸಿದ್ದು, ದಿನಾಂಕ, ಆವತ್ತಿನ ಒಟ್ಟು ಗಂಟೆ ಮತ್ತು ಸೈಕಲ್, ಭಾಗದ ಕ್ರಮಸಂಖ್ಯೆ, ಮುಂದಿನ ಗಡುವು, ಪರವಾನಗಿ ಹೊಂದಿದ ಎಂಜಿನಿಯರ್ ಸಹಿ ಇಷ್ಟೂ ಇರುತ್ತವೆ.

ವಿದ್ಯಾನಗರದಂಥ ಸಣ್ಣ ನಿಲ್ದಾಣದಲ್ಲಿ ವಿಮಾನ ಇರುವಾಗಲೇ ಗಡುವು ಮುಗಿದರೆ?

ಯೋಜನೆ ಸರಿ ಇದ್ದರೆ ಹಾಗಾಗಬಾರದು. ತುರ್ತು ಎಡಿ ಬಂದರೆ ಆಗಬಹುದು. ಸರಳ ತಪಾಸಣೆಯಾದರೆ ಎಂಜಿನಿಯರ್, ಉಪಕರಣ ಬೆಂಗಳೂರು ಅಥವಾ ಹೈದರಾಬಾದಿನಿಂದ ಬರಬೇಕು. ರಸ್ತೆಯಲ್ಲಿ ಬೆಂಗಳೂರಿನಿಂದ ಸುಮಾರು 300 ಕಿ.ಮೀ., ಹೀಗಾಗಿ ಆ ದಿನದ ವಿಮಾನ ಹೋಯಿತೆಂದೇ ಲೆಕ್ಕ. ಹ್ಯಾಂಗರ್ ಬೇಕಾದ ಕೆಲಸವಾದರೆ ಎಡಿ ಒಪ್ಪಿದಲ್ಲಿ ವಿಶೇಷ ಅನುಮತಿ ಪಡೆದು, ಪ್ರಯಾಣಿಕರಿಲ್ಲದೆ, ಪೈಲಟ್‌ಗಳು ಮಾತ್ರ ವಿಮಾನವನ್ನು ನೆಲೆಗೆ ಒಯ್ಯುತ್ತಾರೆ. ಖಾಲಿ ವಿಮಾನ ಹೊರಟಿತು, ನಮ್ಮನ್ನು ಯಾಕೆ ಹತ್ತಿಸಿಕೊಳ್ಳಲಿಲ್ಲ ಎಂದು ಕೌಂಟರಿನಲ್ಲಿ ಜಗಳವಾಡುವವರು ಇದನ್ನು ತಿಳಿದಿರಬೇಕು. ಅಲ್ಲಿ ನಿಂತ ಸಿಬ್ಬಂದಿಗೆ ಅದನ್ನು ಬದಲಿಸುವ ಅಧಿಕಾರವಿಲ್ಲ.

ಕೆಲವು ದೋಷ ಇಟ್ಟುಕೊಂಡೇ ಹಾರಬಹುದಂತೆ?

ಹೌದು, ಎಂಇಎಲ್ ಎಂಬ ಅನುಮೋದಿತ ಪಟ್ಟಿಯಲ್ಲಿದ್ದರೆ, ಅದು ಹೇಳಿದಷ್ಟು ದಿನ ಮಾತ್ರ. ಓದುವ ದೀಪ ಉರಿಯದಿದ್ದರೆ ಸರಿ. ಎಡಿ ಗಡುವಿಗೆ ಎಂಇಎಲ್ ರಿಯಾಯಿತಿ ಇಲ್ಲ, ಎಡಿಯೇ ಹಾಗೆ ಬರೆದಿದ್ದರೆ ಹೊರತು.

ರಾಯಚೂರಿನಲ್ಲಿ ಪಿಯುಸಿ ಮುಗಿಸಿದ ಮಗಳು ಈ ಕೆಲಸಕ್ಕೆ ಸೇರಬೇಕಂತೆ. ದಾರಿ ಯಾವುದು?

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಡಿಜಿಸಿಎ ಮಾನ್ಯತೆಯ ಸಿಎಆರ್-147 ಸಂಸ್ಥೆಯಲ್ಲಿ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್ ತರಬೇತಿ. ಟರ್ಬೈನ್ ವಿಮಾನಗಳ ಯಂತ್ರ ವಿಭಾಗಕ್ಕೆ ಬಿ1.1, ವಿದ್ಯುತ್ ಮತ್ತು ಏವಿಯಾನಿಕ್ಸ್‌ಗೆ ಬಿ2. ಪರೀಕ್ಷೆಗಳು ಮಾಡ್ಯೂಲ್‌ಗಳಲ್ಲಿ, ಒಂದೊಂದರಲ್ಲೂ ಪಾಸಾಗಲು 75 ಶೇಕಡಾ ಬೇಕು. ಕೋರ್ಸ್ ಮುಗಿದ ಕೂಡಲೇ ಲೈಸೆನ್ಸ್ ಸಿಗುವುದಿಲ್ಲ, ಹಾರುತ್ತಿರುವ ವಿಮಾನಗಳ ಮೇಲೆ ಕೆಲಸದ ಅನುಭವವೂ ಬೇಕು. ಶುಲ್ಕ ಕಟ್ಟುವ ಮೊದಲು ಸಂಸ್ಥೆಯ ಮಾನ್ಯತೆ ಈಗಲೂ ಚಾಲ್ತಿಯಲ್ಲಿದೆಯೇ, ಯಾವ ವಿಭಾಗಕ್ಕಿದೆ, ಪ್ರಾಯೋಗಿಕ ತರಬೇತಿ ಯಾವ ವಿಮಾನದ ಮೇಲೆ ಎಂದು ಡಿಜಿಸಿಎ ಜಾಲತಾಣದಲ್ಲೇ ನೋಡಿಕೊಳ್ಳಿ, ದಲ್ಲಾಳಿಯ ಮಾತಿನ ಮೇಲೆ ಬೇಡ. ಇಂಗ್ಲಿಷ್ ಕೈಪಿಡಿಯನ್ನು ಪದಪದವಾಗಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಈಗಿನಿಂದಲೇ ಇರಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಆರು ತಿಂಗಳು ಅದೇ ಕಷ್ಟ, ಆಮೇಲೆ ಹಿಡಿತಕ್ಕೆ ಬರುತ್ತದೆ.

ಎಡಿಗಳನ್ನು ಸಾಮಾನ್ಯರೂ ಓದಬಹುದೇ?

ಓದಬಹುದು, ಉಚಿತ. ಇಎಎಸ್‌ಎ ಮತ್ತು ಎಫ್‌ಎಎ ಜಾಲತಾಣಗಳಲ್ಲಿ ವಿಮಾನ ಅಥವಾ ಎಂಜಿನ್ ಮಾದರಿಯ ಹೆಸರು ಕೊಟ್ಟು ಹುಡುಕಿ. ಎಫ್‌ಎಎ ಎಡಿ ಸಂಖ್ಯೆಯ ಮೊದಲ ಭಾಗ ವರ್ಷ, ಎರಡನೆಯದು ಎರಡು ವಾರದ ಕಂತು, ಮೂರನೆಯದು ಆ ಕಂತಿನೊಳಗಿನ ಕ್ರಮ. 2020-24-02 ಎಂಬುದು 737 ಮ್ಯಾಕ್ಸ್ ಮತ್ತೆ ಹಾರಲು ಮಾಡಬೇಕಾದ ಕೆಲಸಗಳ ಎಡಿ. ತೆರೆದ ಕೂಡಲೇ ಮೊದಲು ‘ಅನ್ವಯ’ ಭಾಗ ಓದಿ, ನಂತರ ಕಾರಣ, ನಂತರ ಗಡುವು. ಮೇಲ್ಭಾಗದಲ್ಲಿ ‘ಬದಲಿಸಲಾಗಿದೆ’ ಎಂಬ ಗುರುತು ಇದ್ದರೆ ಅದು ಹಳೆಯದು, ಅದರ ಜಾಗಕ್ಕೆ ಬಂದ ಹೊಸ ಸಂಖ್ಯೆಯನ್ನು ತೆರೆಯಿರಿ.